ಮಣ್ಣಿಗೆ ಹೊನ್ನಿನ ಅಂಚು

ಮಣ್ಣು ಕಾಲಡಿಯಲ್ಲಿರುವ ವಸ್ತು, ಹೊನ್ನು ಕೊರಳಿಗೇರುವ ವಸ್ತು. ಇವೆರಡೂ ಒಂದೇ ಪಾತ್ರೆಯಲ್ಲಿ ಕೂಡಿಬಂದ ನಿದರ್ಶನಗಳಲ್ಲಿ ಕೈಯಿಂದ ಚಿತ್ರ ಬರೆದು ಚಿನ್ನದ ಲೇಪ ಕೊಟ್ಟ ಪಿಂಗಾಣಿಯ ಹೂದಾನಿಗಳು ಮುಖ್ಯವಾದವು. ನಮ್ಮ ಗಡಿನಾಡಿನ ಹಳೆಯ ವಾಡೆಗಳಲ್ಲಿ, ದೇಸಗತಿ ಮನೆಗಳಲ್ಲಿ, ವ್ಯಾಪಾರಸ್ಥರ ಪಡಸಾಲೆಗಳಲ್ಲಿ ಇಂಥ ಹೂದಾನಿಗಳು ಇಂದಿಗೂ ಅಲ್ಲೊಂದು ಇಲ್ಲೊಂದು ಕಾಣಸಿಗುತ್ತವೆ. ಮನೆಯ ಹಿರಿಯರು ಮುಂಬಯಿಗೋ ಹೈದರಾಬಾದಿಗೋ ಹೋದಾಗ ತಂದವು ಅವು. ತಂದವರು ತೀರಿಕೊಂಡಿದ್ದಾರೆ. ಏಕೆ ತಂದರು, ಎಲ್ಲಿಂದ ತಂದರು ಎಂಬುದನ್ನು ಹೇಳಬಲ್ಲವರು ದಿನದಿನಕ್ಕೆ ವಿರಳವಾಗುತ್ತಿದ್ದಾರೆ. ಇಂಥ ವಸ್ತುವಿನ ಹಿಂದಿರುವ ಶ್ರಮವೆಂಥದು, ಅದನ್ನು ಗುರುತಿಸುವ ಬಗೆ ಹೇಗೆ, ಕಾಪಾಡುವ ಬಗೆ ಹೇಗೆ ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಪಿಂಗಾಣಿ ಯಾವುದು, ಯಾವುದಲ್ಲ?

ನಮ್ಮಲ್ಲಿ ಉಪ್ಪಿನಕಾಯಿಯ ಭರಣಿಗೂ ಪಿಂಗಾಣಿ ಎನ್ನುತ್ತಾರೆ, ಚಹದ ಬಟ್ಟಲಿಗೂ ಪಿಂಗಾಣಿ ಎನ್ನುತ್ತಾರೆ. ಶಾಸ್ತ್ರದ ದೃಷ್ಟಿಯಲ್ಲಿ ಇವು ಬೇರೆ ಬೇರೆ. ಭರಣಿಯು ದಪ್ಪ ಮಣ್ಣಿನದು, ಬೆಳಕನ್ನು ತನ್ನೊಳಗೆ ಬಿಡುವುದಿಲ್ಲ. ನಿಜವಾದ ಪಿಂಗಾಣಿಯ ತೆಳುವಾದ ಭಾಗವನ್ನು ದೀಪಕ್ಕೆ ಹಿಡಿದರೆ ಬೆರಳಿನ ನೆರಳು ಆಚೆ ಬದಿಯಿಂದ ಕಾಣುತ್ತದೆ. ಉಗುರಿನಿಂದ ಮೆಲ್ಲಗೆ ತಟ್ಟಿದರೆ ಗಂಟೆಯಂಥ ನಾದ ಹೊಮ್ಮುತ್ತದೆ.

ಅದರ ತಿರುಳು ಎರಡು ಪದಾರ್ಥಗಳು. ಒಂದು, ಕೆಯೊಲಿನ್ ಎಂಬ ನುಣುಪಾದ ಬಿಳಿ ಜೇಡಿ. ಇನ್ನೊಂದು, ಬೆಂಕಿಯಲ್ಲಿ ಕರಗಿ ಗಾಜಿನಂತಾಗುವ ಒಂದು ಬಗೆಯ ಕಲ್ಲಿನ ಪುಡಿ. ಇವನ್ನು ಕಲಸಿ ಸುಮಾರು 1300 ಡಿಗ್ರಿ ಸೆಂಟಿಗ್ರೇಡಿಗೂ ಮೇಲಿನ ತಾಪದಲ್ಲಿ ಸುಟ್ಟಾಗ ಜೇಡಿಯು ಎಲುಬಿನಂತೆ ಆಕಾರವನ್ನು ಹಿಡಿದು ನಿಲ್ಲುತ್ತದೆ, ಕಲ್ಲು ಕರಗಿ ಮಾಂಸದಂತೆ ಸಂದುಗಳನ್ನು ತುಂಬುತ್ತದೆ. ಕೆಯೊಲಿನ್ ಎಂಬ ಹೆಸರು ಬಂದದ್ದು ಚೀನಾ ದೇಶದ ಜಿಂಗ್‌ದೆಝೆನ್ ಪಟ್ಟಣದ ಸಮೀಪದ ಗಾವೋಲಿಂಗ್ ಎಂಬ ಗುಡ್ಡದಿಂದ. ಸಾವಿರ ವರ್ಷಗಳಿಗೂ ಹಿಂದಿನಿಂದ ಚೀನೀಯರು ಈ ವಿದ್ಯೆಯನ್ನು ಬಲ್ಲವರಾಗಿದ್ದರು. ಯುರೋಪಿನ ಅರಸರು ಅವರ ಪಾತ್ರೆಗಳನ್ನು ಕೊಂಡು ತುಂಬಿಕೊಂಡರೇ ಹೊರತು ಮಾಡುವ ಗುಟ್ಟು ಅವರಿಗೆ ದೊರೆತಿರಲಿಲ್ಲ.

ಸೆರೆಯಾಳಿನ ಕೈಯಿಂದ ಬಂದ ವಿದ್ಯೆ

ಜರ್ಮನಿಯ ಸ್ಯಾಕ್ಸನಿಯ ಅರಸ ಅಗಸ್ಟಸನಿಗೆ ಪಿಂಗಾಣಿಯ ಹುಚ್ಚು ವಿಪರೀತವಾಗಿತ್ತು. 1717ರಲ್ಲಿ ಅವನು ಪ್ರಷ್ಯದ ಅರಸನಿಗೆ ತನ್ನ 600 ಮಂದಿ ಸವಾರಸೈನಿಕರನ್ನು ಕೊಟ್ಟು ಬದಲಿಗೆ 151 ಚೀನೀ ಪಾತ್ರೆಗಳನ್ನು ಪಡೆದನು. ಅವುಗಳಲ್ಲಿನ ದೊಡ್ಡ ಹೂದಾನಿಗಳಿಗೆ ಇಂದಿಗೂ ‘ಸವಾರರ ಹೂದಾನಿ’ ಎಂದೇ ಹೆಸರು. ಒಂದು ಪಾತ್ರೆಗೆ ಸುಮಾರು ನಾಲ್ಕು ಜನ ಮನುಷ್ಯರು! ಅಂದಿನ ಅರಸೊತ್ತಿಗೆಯ ತಕ್ಕಡಿ ಅಂಥದು.

ಇದೇ ಅರಸನ ಸೆರೆಯಲ್ಲಿ ಯೋಹಾನ್ ಫ್ರೀಡ್ರಿಖ್ ಬೋಟ್ಗರ್ ಎಂಬ ತರುಣನಿದ್ದನು. ಕೀಳು ಲೋಹವನ್ನು ಚಿನ್ನ ಮಾಡಬಲ್ಲೆನೆಂದು ಹೇಳಿಕೊಂಡದ್ದೇ ಅವನ ಕೊರಳಿಗೆ ಉರುಳಾಯಿತು. ಚಿನ್ನ ಮಾಡಿಕೊಡು ಎಂದು ಅರಸನು ಅವನನ್ನು ಕಾವಲಿನಲ್ಲಿಟ್ಟನು. ಚಿನ್ನವಂತೂ ಆಗಲಿಲ್ಲ. ಆದರೆ ಚಿರ್ನ್‌ಹೌಸ್ ಎಂಬ ವಿದ್ವಾಂಸನ ಮಾರ್ಗದರ್ಶನದಲ್ಲಿ ನಡೆದ ಪ್ರಯೋಗಗಳಿಂದ 1708ರ ಹೊತ್ತಿಗೆ ಬಿಳಿಯ ಪಿಂಗಾಣಿ ಸಿದ್ಧಿಸಿತು. 1710ರಲ್ಲಿ ಮೈಸೆನ್ ಪಟ್ಟಣದ ಕೋಟೆಯಲ್ಲಿ ಯುರೋಪಿನ ಮೊದಲನೆಯ ಅಪ್ಪಟ ಪಿಂಗಾಣಿ ಕಾರ್ಖಾನೆ ತಲೆಯೆತ್ತಿತು. ಗುಟ್ಟು ಹೊರಬೀಳದಿರಲೆಂದೇ ಕೋಟೆಯನ್ನು ಆರಿಸಿಕೊಂಡಿದ್ದರು. ಬೋಟ್ಗರನು 1719ರಲ್ಲಿ ತನ್ನ 37ನೆಯ ವಯಸ್ಸಿನಲ್ಲಿಯೇ ತೀರಿಕೊಂಡನು. ಆ ಕಾರ್ಖಾನೆಯ ಗುರುತಾದ ಎರಡು ಕತ್ತಿಗಳ ಕತ್ತರಿಚಿಹ್ನೆ ಮುಂದೆ ಲೋಕಪ್ರಸಿದ್ಧವಾಯಿತು.

ಸೇವ್ರ್ ಕಾರ್ಖಾನೆಯ ವೈಭವ

ಚಿತ್ರ ಮತ್ತು ಚಿನ್ನದ ಕೆಲಸದಲ್ಲಿ ಶಿಖರ ಮುಟ್ಟಿದ ಹೆಸರು ಫ್ರಾನ್ಸಿನ ಸೇವ್ರ್. 1740ರಲ್ಲಿ ಪ್ಯಾರಿಸಿನ ಬಳಿಯ ವ್ಯಾನ್ಸೆನ್ ಎಂಬಲ್ಲಿ ಪ್ರಾರಂಭವಾದ ಈ ಕಾರ್ಖಾನೆ 1756ರಲ್ಲಿ ಸೇವ್ರ್ ಗ್ರಾಮಕ್ಕೆ ಬಂದಿತು. 1759ರಲ್ಲಿ ಹದಿನೈದನೆಯ ಲೂಯಿ ಅರಸನು ಅದನ್ನು ಪೂರ್ಣವಾಗಿ ತನ್ನದಾಗಿಸಿಕೊಂಡನು.

ಮೊದಮೊದಲು ಅಲ್ಲಿಯವರಿಗೆ ಕೆಯೊಲಿನ್ ದೊರೆತಿರಲಿಲ್ಲ. ಮರಳು, ಸಾಲುಪ್ಪು, ಸುಣ್ಣದ ಮಣ್ಣು ಮುಂತಾದವುಗಳನ್ನು ಬೆರೆಸಿ ಒಂದು ಬಗೆಯ ಮೃದು ಪಿಂಗಾಣಿಯನ್ನು ಮಾಡುತ್ತಿದ್ದರು. ಅದು ಗೂಡಿನಲ್ಲಿ ಸೊಟ್ಟಗಾಗುವುದೇ ಹೆಚ್ಚು. ಆದರೆ ಅದರ ಮೇಲಿನ ಹೊಳಪಿನೊಳಕ್ಕೆ ಬಣ್ಣಗಳು ಇಳಿದು ಬೆರೆಯುತ್ತಿದ್ದ ಚೆಲುವು ಗಟ್ಟಿ ಪಿಂಗಾಣಿಗೆ ಬರಲಿಲ್ಲ. ಮುಂದೆ 1768ರ ಸುಮಾರಿಗೆ ಲಿಮೋಜ್ ಪಟ್ಟಣದ ದಕ್ಷಿಣಕ್ಕಿರುವ ಒಂದು ಊರಿನಲ್ಲಿ ಕೆಯೊಲಿನ್ ನಿಕ್ಷೇಪ ಪತ್ತೆಯಾಯಿತು. ಅಲ್ಲಿಯ ವೈದ್ಯನೊಬ್ಬನ ಹೆಂಡತಿ ಆ ಮಣ್ಣನ್ನು ಬಟ್ಟೆ ಬಿಳುಪು ಮಾಡಲು ಯೋಗ್ಯವೆಂದು ಎತ್ತಿಟ್ಟದ್ದರಿಂದ ಅದು ಬಲ್ಲವರ ಕಣ್ಣಿಗೆ ಬಿದ್ದಿತೆಂದು ಹೇಳುತ್ತಾರೆ. ಹಬ್ಬದ ಮುನ್ನಾದಿನ ಗೋಡೆಗೆ ಶೇಡಿ ಬಳಿಯುವ ನಮ್ಮ ಹೆಣ್ಣುಮಕ್ಕಳಿಗೆ ಈ ಸಂಗತಿ ವಿಚಿತ್ರವೆನಿಸಲಾರದು. ಮಣ್ಣಿನ ಗುಣವನ್ನು ಪಂಡಿತರಿಗಿಂತ ಮೊದಲು ಮನೆವಾರ್ತೆಯವರೇ ಕಂಡುಕೊಂಡ ಪ್ರಸಂಗಗಳು ಲೋಕದಲ್ಲಿ ಎಷ್ಟೋ!

ಸೇವ್ರ್ ಹೂದಾನಿಗಳ ಮೈಬಣ್ಣವೇ ಒಂದು ಸೊಗಸು. ಜಾನ್ ಎಲೋ ಎಂಬ ರಸಾಯನಶಾಸ್ತ್ರಜ್ಞನು 1753ರ ಸುಮಾರಿಗೆ ಆಕಾಶನೀಲಿಯನ್ನು ಸಾಧಿಸಿಕೊಟ್ಟನು. ಅನಂತರ ಹಸುರು, ಗುಲಾಬಿ, ಕಡುನೀಲಿ ಒಂದೊಂದಾಗಿ ಬಂದವು. ಬಣ್ಣದ ನಡುವೆ ಬಿಳಿಯ ಅಂಕಣವನ್ನು ಬಿಟ್ಟು ಅದರಲ್ಲಿ ಹೂಗೊಂಚಲು, ಹಕ್ಕಿ, ಹಳ್ಳಿಯ ನೋಟಗಳನ್ನು ಬರೆಯುತ್ತಿದ್ದರು. ಅಂಕಣದ ಸುತ್ತ ಚಿನ್ನದ ಬಳ್ಳಿ ಹಬ್ಬುತ್ತಿತ್ತು. ಆಕಾರಗಳಾದರೋ ನೂರಾರು. ಜಾನ್ ಕ್ಲೋದ್ ದ್ಯುಪ್ಲೆಸಿ ಎಂಬ ಶಿಲ್ಪಿ ರೂಪಿಸಿದ ಒಂದು ಹೂದಾನಿಯ ಎರಡು ಬದಿಗೆ ಆನೆಯ ತಲೆಗಳಿವೆ, ಸೊಂಡಿಲಿನ ತುದಿಯಲ್ಲಿ ಮೇಣದ ಬತ್ತಿ ನಿಲ್ಲಿಸುವ ಜಾಗವಿದೆ. ಇನ್ನೊಂದು ಹಡಗಿನಂತಿದ್ದು, ಮುಚ್ಚಳದ ತುಂಬ ರಂಧ್ರಗಳಿವೆ. ಒಳಗೆ ಒಣಗಿದ ಹೂವು, ಸುಗಂಧದ್ರವ್ಯಗಳನ್ನಿಟ್ಟರೆ ರಂಧ್ರಗಳಿಂದ ಪರಿಮಳ ಹರಡುತ್ತದೆ. ಹೂದಾನಿಯೆಂದ ಮಾತ್ರಕ್ಕೆ ಎಲ್ಲವೂ ನೀರು ತುಂಬಿ ಹೂ ಇಡುವುದಕ್ಕಾಗಿ ಹುಟ್ಟಿದವಲ್ಲವೆಂಬುದು ಇದರಿಂದ ತಿಳಿಯುತ್ತದೆ. ಚಳಿಗಾಲದ ಅಗ್ಗಿಷ್ಟಿಕೆಯ ಮೇಲಿನ ಹಲಗೆಯಲ್ಲಿ ಮೂರು ಇಲ್ಲವೆ ಐದರ ಜೋಡಣೆಯಾಗಿ ನಿಲ್ಲಿಸುವುದು ಅಲ್ಲಿಯ ಪದ್ಧತಿ.

ಹೊನ್ನು ಹತ್ತಿಸುವ ಬಗೆ

ಚಿತ್ರ ಬರೆದ ಹೂದಾನಿ ಹಲವು ಬಾರಿ ಬೆಂಕಿ ಕಾಣಬೇಕು. ಮಣ್ಣಿಗೆ ಒಂದು ಬೆಂಕಿ, ಹೊಳಪಿಗೆ ಒಂದು, ಬಣ್ಣಗಳಿಗೆ ಒಂದೆರಡು, ಕಟ್ಟಕಡೆಗೆ ಎಲ್ಲಕ್ಕಿಂತ ಕಡಿಮೆ ತಾಪದಲ್ಲಿ ಚಿನ್ನಕ್ಕೆ ಒಂದು. ಯಾವ ಹಂತದಲ್ಲಿ ತಾಪ ತಪ್ಪಿದರೂ ಹಿಂದಿನ ದುಡಿಮೆಯೆಲ್ಲ ನೀರುಪಾಲು.

ಚಿನ್ನ ಲೇಪಿಸುವ ಒಂದು ಮುಖ್ಯ ರಹಸ್ಯವನ್ನು 1748ರಲ್ಲಿ ಹಿಪೊಲಿಟ್ ಎಂಬ ಕ್ರೈಸ್ತ ಸಂನ್ಯಾಸಿ ವ್ಯಾನ್ಸೆನ್ ಕಾರ್ಖಾನೆಗೆ ಮಾರಿದನು. ಅಂದಿನ ಯುರೋಪಿನಲ್ಲಿ ಬಳಕೆಯಲ್ಲಿದ್ದ ಪ್ರಸಿದ್ಧ ವಿಧಾನವೆಂದರೆ ಜೇನಿನದು. ಚಿನ್ನದ ತೆಳು ಹಾಳೆಯನ್ನು ಜೇನುತುಪ್ಪದಲ್ಲಿ ಹಾಕಿ ಕಲ್ಲಿನ ಮೇಲೆ ಅರೆಯುವರು. ಜೇನನ್ನು ತೊಳೆದು ತೆಗೆದರೆ ಚಿನ್ನದ ನವಿರಾದ ಪುಡಿ ಉಳಿಯುತ್ತದೆ. ಅದಕ್ಕೆ ಅಂಟು ಹಾಗೂ ಬೆಂಕಿಯಲ್ಲಿ ಬೆಸೆಯುವ ದ್ರವ್ಯವನ್ನು ಕೂಡಿಸಿ ಕುಂಚದಿಂದ ಬರೆಯುವರು. ಗೂಡಿನಿಂದ ಹೊರಬಂದಾಗ ಆ ಚಿನ್ನಕ್ಕೆ ಹೊಳಪೇ ಇರುವುದಿಲ್ಲ. ಅಗೇಟ್ ಮುಂತಾದ ನುಣುಪುಕಲ್ಲಿನಿಂದ ತಿಕ್ಕಿ ತಿಕ್ಕಿ ಮಿರುಗು ತರಬೇಕು. ಈ ತಿಕ್ಕುವ ಕೆಲಸ ಹೆಚ್ಚಾಗಿ ಹೆಂಗಸರ ಪಾಲಿನದಾಗಿತ್ತು. ದಪ್ಪನಾದ ಲೇಪವಿದ್ದರೆ ಅದರ ಮೇಲೆ ಚೂಪಾದ ಸಲಕರಣೆಯಿಂದ ಎಲೆ, ಗೆರೆ, ಹೆಣಿಗೆಗಳನ್ನು ಕೊರೆಯುತ್ತಿದ್ದರು.

18ನೆಯ ಶತಮಾನದ ಕೊನೆಯ ದಶಕಗಳಲ್ಲಿ ಪಾದರಸದ ವಿಧಾನ ಹಬ್ಬಿತು. ನಮ್ಮಲ್ಲಿ ತಾಮ್ರದ ಕಳಸಗಳಿಗೆ ಮುಲಾಮು ಹಾಕುವ ಹಳೆಯ ರೀತಿಯೂ ಇದೇ ತತ್ತ್ವದ್ದು. ಚಿನ್ನವನ್ನು ಪಾದರಸದಲ್ಲಿ ಬೆರೆಸಿ ಹಚ್ಚಿ ಕಾಯಿಸಿದರೆ ಪಾದರಸ ಆವಿಯಾಗಿ ಚಿನ್ನ ಉಳಿಯುತ್ತದೆ. ಖರ್ಚು ಕಡಿಮೆ. ಆದರೆ ಆ ಆವಿ ಘೋರ ವಿಷ. ಅದನ್ನು ಉಸಿರಾಡಿದ ಕೆಲಸಗಾರರ ಕೈ ನಡುಗುತ್ತಿತ್ತು, ವಸಡು ಸಡಿಲಿ ಹಲ್ಲು ಉದುರುತ್ತಿದ್ದವು, ಬುದ್ಧಿ ಮಂಕಾಗುತ್ತಿತ್ತು. ಹೂದಾನಿಯ ಅಂಚಿನ ಹೊಳಪನ್ನು ಮೆಚ್ಚುವಾಗ ಈ ಬೆಲೆಯನ್ನೂ ನಾವು ನೆನೆಯಬೇಕು. 1830ರ ಸುಮಾರಿಗೆ ಮೈಸೆನ್ನಿನಲ್ಲಿ ಹೈನ್ರಿಖ್ ಕ್ಯೂನ್ ಎಂಬವನು ದ್ರವಚಿನ್ನವನ್ನು ಬಳಕೆಗೆ ತಂದನು. ಇದನ್ನು ತಿಕ್ಕುವ ಅಗತ್ಯವೇ ಇಲ್ಲ, ಗೂಡಿನಿಂದಲೇ ಹೊಳೆಯುತ್ತ ಬರುತ್ತದೆ. ಆದರೆ ಲೇಪ ಬಲು ತೆಳು, ಬೇಗ ಸವೆಯುತ್ತದೆ.

ಶ್ರೀರಂಗಪಟ್ಟಣದ ರಾಯಭಾರಿಗಳು

ಈ ದೂರದೇಶದ ಕಥೆಯಲ್ಲಿ ಕನ್ನಡ ನೆಲದ ಎಳೆಯೊಂದು ಸೇರಿದೆ. ಟೀಪೂ ಸುಲ್ತಾನನು ಇಂಗ್ಲಿಷರ ವಿರುದ್ಧ ನೆರವು ಬೇಡಿ ಫ್ರಾನ್ಸಿಗೆ ಮೂವರು ರಾಯಭಾರಿಗಳನ್ನು ಕಳಿಸಿದನು. ಮಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮಹಮ್ಮದ್ ಉಸ್ಮಾನ್ ಖಾನ್ ಎಂಬುದು ಅವರ ಹೆಸರು. 1788ರ ಜೂನಿನಲ್ಲಿ ತೂಲೋನ್ ಬಂದರಿನಲ್ಲಿ ಇಳಿದ ಅವರು ಆಗಸ್ಟ್ 10ರಂದು ವರ್ಸೈಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡರು. ಸೇವ್ರ್ ಕಾರ್ಖಾನೆಯನ್ನೂ ಅವರಿಗೆ ತೋರಿಸಲಾಯಿತು. ಅಲ್ಲಿಯ ಚಿತ್ರಕಾರನಾಗಿದ್ದ ಅಸೆಲಾಂ ಎಂಬವನು, ಸಮೀಪದ ಸೇಂಟ್ ಕ್ಲೂ ಉದ್ಯಾನದಲ್ಲಿ ಈ ರಾಯಭಾರಿಗಳು ಜನಜಂಗುಳಿಯ ನಡುವೆ ಅಡ್ಡಾಡುವ ಚಿತ್ರವನ್ನು ಬರೆದನು.

ಟೀಪೂವಿನ ಬೇಡಿಕೆಯ ಪಟ್ಟಿಯಲ್ಲಿ ಸೈನಿಕರಷ್ಟೇ ಇರಲಿಲ್ಲ. ಫಿರಂಗಿ ಎರಕದವರು, ಗಾಜು ಮಾಡುವವರು, ಗಡಿಯಾರದವರು ಹಾಗೂ ಪಿಂಗಾಣಿ ಮಾಡುವ ಕುಶಲಿಗಳು ತನ್ನ ರಾಜ್ಯಕ್ಕೆ ಬರಬೇಕೆಂದು ಅವನು ಬಯಸಿದ್ದನು. ಸೈನ್ಯದ ನೆರವು ದೊರೆಯಲಿಲ್ಲ. ಅರಸನ ಕಾಣಿಕೆಯಾಗಿ ಸೇವ್ರ್ ಪಿಂಗಾಣಿ ದೊರೆಯಿತು. 1789ರಲ್ಲಿ ರಾಯಭಾರಿಗಳು ತಾಯ್ನಾಡಿಗೆ ಮರಳಿದರು. ಅದೇ ವರ್ಷ ಫ್ರಾನ್ಸಿನಲ್ಲಿ ಮಹಾಕ್ರಾಂತಿ ಸಿಡಿಯಿತು. 1793ರಲ್ಲಿ ಕಾಣಿಕೆ ಕೊಟ್ಟ ಅರಸನ ತಲೆ ಉರುಳಿತು. 1799ರಲ್ಲಿ ಕಾಣಿಕೆ ಪಡೆದ ಸುಲ್ತಾನನು ಶ್ರೀರಂಗಪಟ್ಟಣದ ಕೋಟೆಯಲ್ಲಿ ಮಡಿದನು. ಆ ಕಾರ್ಖಾನೆ ಮಾತ್ರ ಇಂದಿಗೂ ಸೇವ್ರ್‌ನಲ್ಲಿ ಕೆಲಸ ಮಾಡುತ್ತಲೇ ಇದೆ.

ಹೆಸರಿಲ್ಲದ ಕೈಗಳು

ಇಂಥ ವಸ್ತುಗಳನ್ನು ನೋಡಬಯಸುವವರು ಯುರೋಪಿಗೆ ಹೋಗಬೇಕಾಗಿಲ್ಲ. ಹೈದರಾಬಾದಿನ ಮೂಸಿ ನದಿಯ ದಂಡೆಯಲ್ಲಿರುವ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಸೇವ್ರ್, ಮೈಸೆನ್ ಮೊದಲಾದ ಯುರೋಪಿನ ಪಿಂಗಾಣಿಗಳೂ ಚೀನಾ, ಜಪಾನುಗಳ ಪಿಂಗಾಣಿಗಳೂ ಇವೆ. ಮೂರನೆಯ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನರು ಮುಖ್ಯವಾಗಿ ಕೂಡಿಹಾಕಿದ ಈ ಸಂಗ್ರಹ 1951ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ನಮ್ಮ ಶಾಲೆಯ ಮಕ್ಕಳನ್ನು ನಾವು ಒಮ್ಮೆ ಪ್ರವಾಸಕ್ಕೆಂದು ಅಲ್ಲಿಗೆ ಕರೆದೊಯ್ದಿದ್ದೆವು. ಗಡಿಯಾರದ ಗಂಟೆ ಬಡಿಯುವ ಬೊಂಬೆಯ ಮುಂದೆ ಎಲ್ಲರೂ ಕಿಕ್ಕಿರಿದಿದ್ದಾಗ, ಏಳನೆಯ ಇಯತ್ತೆಯ ಹುಡುಗಿಯೊಬ್ಬಳು ಹೂದಾನಿಗಳ ಕಪಾಟಿನ ಮುಂದೆಯೇ ನಿಂತಿದ್ದಳು. ಅವಳ ತಂದೆ ಕುಂಬಾರರು. “ಗುರುಗಳ, ತಗೊಂಡ ಸಾಹೇಬ್ರ ಹೆಸರು ಬರದಾರ, ಮಾಡಿದಾವರ ಹೆಸರು ಎಲ್ಲಿ ಬರದಾರ್ರೀ?” ಎಂದು ಕೇಳಿದಳು.

ಆ ಪ್ರಶ್ನೆಗೆ ಉತ್ತರವುಂಟು. ಅದು ಪಾತ್ರೆಯ ಅಡಿಯಲ್ಲಿದೆ. ಸೇವ್ರ್‌ನಲ್ಲಿ ಎರಡು ‘ಎಲ್’ ಅಕ್ಷರಗಳನ್ನು ಹೆಣೆದ ರಾಜಮುದ್ರೆಯ ಜತೆಗೆ 1753ರಿಂದ ವರ್ಷವನ್ನು ಸೂಚಿಸುವ ಅಕ್ಷರವನ್ನೂ ಬರೆಯುತ್ತಿದ್ದರು. ‘ಎ’ ಎಂದರೆ 1753, ‘ಬಿ’ ಎಂದರೆ 1754. ಅಕ್ಷರಗಳು ಮುಗಿದ ಮೇಲೆ 1778ರಿಂದ ಜೋಡಿ ಅಕ್ಷರಗಳು ಬಂದವು. ಅದರ ಪಕ್ಕದಲ್ಲಿ ಚಿತ್ರಕಾರನೂ ಚಿನ್ನದ ಕೆಲಸದವನೂ ತಂತಮ್ಮ ಸಣ್ಣ ಗುರುತನ್ನು ಹಾಕುತ್ತಿದ್ದರು. ವ್ಯಾನ್ಸಾಂ ಎಂಬ ಚಿನ್ನದ ಕೆಲಸಗಾರನು ಹಾಕುತ್ತಿದ್ದ ಗುರುತು ‘2000’ ಎಂಬ ಅಂಕೆ. ಫ್ರೆಂಚ್ ಭಾಷೆಯಲ್ಲಿ ‘ಇಪ್ಪತ್ತು ನೂರು’ ಎಂದು ಉಚ್ಚರಿಸಿದರೆ ಅವನ ಹೆಸರಿನಂತೆಯೇ ಕೇಳಿಸುತ್ತದೆ! ಅರಸನ ಮುದ್ರೆಯ ಪಕ್ಕದಲ್ಲಿ ಕೂಲಿಯವನೊಬ್ಬನು ತನ್ನ ಹೆಸರನ್ನು ಒಗಟಾಗಿ ಬರೆದಿಟ್ಟುಹೋದನು. ಅರಸನ ಮುದ್ರೆ ಕಾರ್ಖಾನೆಯ ಎಲ್ಲ ಪಾತ್ರೆಗಳ ಮೇಲೂ ಒಂದೇ. ಇದು ಇಂಥವನ ಕೈಗೆಲಸವೆಂದು ಹೇಳುವುದು ಆ ಸಣ್ಣ ಗುರುತು ಮಾತ್ರ.

ನಮ್ಮ ಮನೆಯ ಹೂದಾನಿ ಎಂಥದು?

ಮನೆಯಲ್ಲಿ ಹಳೆಯ ಹೂದಾನಿ ಇರುವವರು ಒಂದು ಒಳ್ಳೆಯ ಭೂತಗನ್ನಡಿಯನ್ನು ಹಿಡಿದು ಕೆಳಗಿನ ಪರೀಕ್ಷೆಗಳನ್ನು ಮಾಡಬಹುದು.

ಮೊದಲನೆಯದು, ಚಿತ್ರ. ಕೈಬರಹದಲ್ಲಿ ಕುಂಚದ ಎಳೆಗಳು ಕಾಣುತ್ತವೆ, ಒಂದು ಹೂವಿನಂತೆ ಇನ್ನೊಂದು ಇರುವುದಿಲ್ಲ. ಅಚ್ಚಿನ ಚಿತ್ರದಲ್ಲಿ ಸಣ್ಣ ಸಣ್ಣ ಚುಕ್ಕೆಗಳು ಒಂದೇ ಸಮನೆ ಕಾಣುತ್ತವೆ. ಹಾಳೆಯಿಂದ ಚಿತ್ರವನ್ನು ಪಿಂಗಾಣಿಗೆ ಇಳಿಸುವ ಅಚ್ಚಿನ ವಿದ್ಯೆ ಇಂಗ್ಲೆಂಡಿನಲ್ಲಿ 1750ರ ದಶಕದಿಂದಲೇ ಇತ್ತು. ಗೆರೆಯನ್ನು ಅಚ್ಚಿನಿಂದ ಮೂಡಿಸಿ ಬಣ್ಣವನ್ನಷ್ಟೆ ಕೈಯಿಂದ ತುಂಬಿದವೂ ಬಹಳ ಇವೆ.

ಎರಡನೆಯದು, ಚಿನ್ನ. ಜೇನಿನ ಚಿನ್ನ ಮೃದುವಾಗಿ, ಸ್ವಲ್ಪ ಉಬ್ಬಿದಂತೆ ಕೈಗೆ ಸಿಗುತ್ತದೆ. ಪಾದರಸದ್ದು ತೆಳು, ಹಿತ್ತಾಳೆಯ ಛಾಯೆ. ದ್ರವಚಿನ್ನ ಕನ್ನಡಿಯಂತೆ ಥಳಥಳಿಸುತ್ತದೆ. ನೂರು ವರ್ಷ ಬಳಸಿದ ಪಾತ್ರೆಯಾದರೆ ಹಿಡಿಕೆ ಹಾಗೂ ಬಾಯಂಚಿನಲ್ಲಿ ಚಿನ್ನ ಸವೆದಿರುವುದು ಸಹಜ. ಕೈ ತಾಗುವಲ್ಲಿ ಸವೆಯದೆ ಕೈ ತಾಗದಲ್ಲಿ ಸವೆದಿದ್ದರೆ ಸಂಶಯಪಡಬೇಕು.

ಮೂರನೆಯದು, ಅಡಿಯ ಗುರುತು. 1891ರಿಂದ ಅಮೆರಿಕಕ್ಕೆ ಹೋಗುವ ಸರಕಿನ ಮೇಲೆ ತಯಾರಾದ ದೇಶದ ಹೆಸರಿರಬೇಕೆಂಬ ಕಾಯಿದೆ ಜಾರಿಗೆ ಬಂದಿತು. ಆದ್ದರಿಂದ ದೇಶದ ಹೆಸರಿದ್ದರೆ ಬಹುಮಟ್ಟಿಗೆ ಅದು ಆನಂತರದ್ದು. ಜಪಾನಿನ ಪಾತ್ರೆಗಳ ಮೇಲೆ 1921ರವರೆಗೆ ‘ನಿಪ್ಪಾನ್’ ಎಂದೂ ಅನಂತರ ‘ಜಪಾನ್’ ಎಂದೂ ಇರುತ್ತದೆ.

ಆದರೆ ಗುರುತೊಂದನ್ನೇ ನಂಬುವುದು ಸಲ್ಲದು. 19ನೆಯ ಶತಮಾನದ ಆರಂಭದಲ್ಲಿ ಸೇವ್ರ್ ಕಾರ್ಖಾನೆಯ ಅಧಿಕಾರಿ ಬ್ರೋನ್ಯಾರ್ ಹಳೆಯ ಬಿಳಿ ಪಾತ್ರೆಗಳ ದಾಸ್ತಾನನ್ನು ಮಾರಿಬಿಟ್ಟನು. ಅದನ್ನು ಕೊಂಡವರು ಹೊಸದಾಗಿ ಚಿತ್ರ ಬರೆಸಿ ಹಳೆಯದೆಂದು ಮಾರಿದರು. ಪಾತ್ರೆ ನಿಜ, ಚಿತ್ರ ಸುಳ್ಳು! ಈ ಮೋಸವನ್ನು ಬಯಲುಮಾಡಿದ ಸಾಕ್ಷಿಗಳಲ್ಲಿ ಹಸುರು ಬಣ್ಣವೂ ಒಂದು. ಕ್ರೋಮಿಯಂ ಧಾತು ಪತ್ತೆಯಾದದ್ದೇ 1797ರಲ್ಲಿ. ಅದರಿಂದಾದ ಹಸುರು 1760ರ ಗುರುತುಳ್ಳ ಹೂದಾನಿಯಲ್ಲಿದ್ದರೆ ಅದು ನಕಲಿಯೆಂದು ವಿಜ್ಞಾನ ಹೇಳುತ್ತದೆ.

ಜೋಡಿ ಅಗಲಿದಾಗ

ನಮ್ಮ ಊರಿನ ಒಂದು ಹಿರಿಯ ಮನೆಯಲ್ಲಿ ಇಂಥ ಎರಡು ಹೂದಾನಿಗಳಿದ್ದವು. ಹಳೆಯ ಸಾಮಾನು ಕೊಳ್ಳುವವನೊಬ್ಬನು ಓಣಿಗೆ ಬಂದಾಗ ಒಂದರ ಬಾಯಿ ಚೂರು ಒಡೆದಿದೆಯೆಂಬ ಕಾರಣಕ್ಕೆ ಅದನ್ನು ಕೊಟ್ಟು ಒಂದು ಸ್ಟೀಲಿನ ಕೊಡವನ್ನು ಪಡೆದರು. ಮರುವರ್ಷ ಅವನೇ ಬಂದು ಇನ್ನೊಂದಕ್ಕೆ ಹಣ ಕೊಡುತ್ತೇನೆಂದು ಒತ್ತಾಯ ಮಾಡತೊಡಗಿದಾಗ ಮನೆಯವರಿಗೆ ಸಂದೇಹ ಹುಟ್ಟಿ ನಮ್ಮನ್ನು ಕರೆಸಿದರು. ಕನ್ನಡಿ ಹಿಡಿದು ನೋಡಿದೆವು. ಕುಂಚದ ಎಳೆ ಸ್ಪಷ್ಟವಾಗಿತ್ತು, ಚಿನ್ನದ ಸಣ್ಣ ಹನಿಗಳನ್ನು ಒಂದೊಂದಾಗಿ ಇಟ್ಟಿದ್ದರು, ಅಡಿಯಲ್ಲಿ ‘ನಿಪ್ಪಾನ್’ ಎಂದಿತ್ತು. ಅರಸರ ಮನೆಯ ವಸ್ತುವೇನಲ್ಲ. ಆದರೆ ಎಲ್ಲ ಲಕ್ಷಣಗಳಿಂದಲೂ ನೂರು ವರ್ಷ ದಾಟಿದ ಕೈಗೆಲಸ. ಜೋಡಿಯಾಗಿದ್ದಿದ್ದರೆ ಒಂಟಿಯ ಇಮ್ಮಡಿಗಿಂತ ಹೆಚ್ಚಿನ ಬೆಲೆ ಬಾಳುತ್ತಿತ್ತು. ಕೊಂಡವನಿಗೆ ಅದು ಗೊತ್ತಿತ್ತು, ಮಾರಿದವರಿಗೆ ಗೊತ್ತಿರಲಿಲ್ಲ.

ಎಂಬತ್ತು ದಾಟಿದ ಆ ಮನೆಯ ಅಜ್ಜಿ ಆಡಿದ ಮಾತು ಬೇರೆಯೇ ಆಗಿತ್ತು. “ಬೆಲಿ ಮಾತು ಬಿಡ್ರಿ ಗುರುಗಳ. ನಾ ಲಗ್ನಾಗಿ ಈ ಮನಿಗಿ ಬಂದ ದಿನ ನಮ್ಮ ಮಾವನವ್ರು ಆ ಎರಡರಾಗೂ ಶಾವಂತಿಗಿ ಇಡಿಸಿದ್ರು” ಎಂದರು. ಸ್ಟೀಲಿನ ಕೊಡ ಅದೇ ಮನೆಯ ಮೂಲೆಯಲ್ಲಿತ್ತು. ಅದರತ್ತ ಯಾರೂ ನೋಡಲಿಲ್ಲ. ಉಳಿದ ಹೂದಾನಿಯನ್ನು ಮಾರಬಾರದೆಂದು ಆ ದಿನವೇ ಮನೆಯವರು ನಿಶ್ಚಯಿಸಿದರು.

ಕಾನೂನಿನ ಮಾತನ್ನೂ ಇಲ್ಲಿ ಹೇಳಬೇಕು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಅಧಿನಿಯಮದ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಕಲಾಕುಶಲ ವಸ್ತುಗಳು ಪ್ರಾಚ್ಯವಸ್ತುಗಳೆನಿಸುತ್ತವೆ. ಅವುಗಳ ವ್ಯಾಪಾರ ಮಾಡುವವನು ಪರವಾನಗಿ ಪಡೆದಿರಬೇಕು. ಖಾಸಗಿಯವರು ಅವನ್ನು ದೇಶದ ಹೊರಕ್ಕೆ ಸಾಗಿಸುವಂತಿಲ್ಲ. ಮನೆಯಲ್ಲಿಟ್ಟುಕೊಳ್ಳುವುದು ತಪ್ಪಲ್ಲ. ಮಾರುವ ಪ್ರಸಂಗ ಬಂದರೆ ಪರವಾನಗಿ ತೋರಿಸೆಂದು ಕೇಳುವ ಹಕ್ಕು ನಮಗಿದೆ.

ಕಾಪಾಡುವ ಬಗೆ

ಹಿತ್ತಾಳೆಯ ಪಾತ್ರೆಯಂತೆ ಇವನ್ನು ಹುಣಸೆಹಣ್ಣು, ಬೂದಿ, ನಾರುಗಳಿಂದ ಉಜ್ಜಲೇಬಾರದು. ಚಿನ್ನವು ಹೊಳಪಿನ ಮೇಲೆ ಕುಳಿತಿರುತ್ತದೆಯೇ ಹೊರತು ಒಳಗೆ ಇಳಿದಿರುವುದಿಲ್ಲ. ಮೆತ್ತನೆಯ ಒಣ ಕುಂಚದಿಂದ ಧೂಳನ್ನು ತೆಗೆದರೆ ಸಾಕು. ಹಿಡಿಕೆಯಿಂದಾಗಲಿ ಬಾಯಂಚಿನಿಂದಾಗಲಿ ಎತ್ತದೆ ಒಂದು ಕೈಯನ್ನು ಅಡಿಗೆ ಕೊಟ್ಟು ಇನ್ನೊಂದು ಕೈಯಿಂದ ಮೈಯನ್ನು ಹಿಡಿಯಬೇಕು. ಒಡೆದ ಚೂರನ್ನು ಎಸೆಯದೆ ಕಾಗದದಲ್ಲಿ ಸುತ್ತಿ ಇಡಬೇಕು. ಸಿಕ್ಕ ಅಂಟಿನಿಂದ ಅವಸರದಲ್ಲಿ ಕೂಡಿಸಿದರೆ ಮುಂದೆ ಬಲ್ಲವರು ಸರಿಪಡಿಸುವುದೂ ಕಷ್ಟವಾಗುತ್ತದೆ.

ಕೊನೆಗೆ ನಮ್ಮ ವೃತ್ತಿಗೆ ತಕ್ಕ ಒಂದು ಮನೆಗೆಲಸವನ್ನು ವಾಚಕ ಕುಟುಂಬಗಳಿಗೆ ಕೊಡಲು ಇಚ್ಛಿಸುತ್ತೇವೆ. ಈ ತಿಂಗಳು ಬಿಡುವಿನ ಒಂದು ದಿನ ಮನೆಯ ಹಿರಿಯರ ಬಳಿ ಕುಳಿತು, ಮನೆಯಲ್ಲಿರುವ ಹಳೆಯ ವಸ್ತು ಯಾವುದೇ ಇರಲಿ, ಅದನ್ನು ಯಾರು, ಯಾವಾಗ, ಎಲ್ಲಿಂದ ತಂದರೆಂದು ಕೇಳಿರಿ. ಅದನ್ನು ಮಕ್ಕಳ ಕೈಯಿಂದ ಕನ್ನಡದಲ್ಲಿ ಒಂದು ಚೀಟಿಯ ಮೇಲೆ ಬರೆಯಿಸಿ, ದಿನಾಂಕ ಹಾಕಿಸಿ, ಆ ವಸ್ತುವಿನೊಳಗೇ ಇಡಿರಿ. ಶಾಲೆಯಲ್ಲಿ ಬೇರೆ ಭಾಷೆಯಲ್ಲಿ ಕಲಿಯುವ ಮಗುವಿಗೂ ತನ್ನ ಮನೆಯ ಚರಿತ್ರೆಯನ್ನು ತಾಯ್ನುಡಿಯಲ್ಲಿ ಬರೆಯುವ ಸಂದರ್ಭವೊಂದು ಒದಗುತ್ತದೆ. ಮುಂದೆ ಬೆಲೆ ಕಟ್ಟುವವನು ಯಾವನೇ ಬಂದರೂ ಮನೆಯವರ ಕೈಯಲ್ಲಿ ಆ ಚೀಟಿಯಿರುತ್ತದೆ.